ಎರಡನೇ ಉತ್ತರ

ಹವಾಮಾನದವರು ಬೆಳಿಗ್ಗೆ ‘ಅಲ್ಲಲ್ಲಿ ತುಂತುರು’ ಎಂದಿದ್ದರು. ಸಂಜೆಯ ಹೊತ್ತಿಗೆ ಅವರ ಮಾನ ಹೋಗಿ, ಹೊರಗೆ ಬರೀ ಹವಾ ಉಳಿದಿತ್ತು. ಮಳೆಗೆ ರನ್‌ವೇ ಮುಚ್ಚಿದ್ದರು. ನಿಯಂತ್ರಣ ಗೋಪುರದ ಬುಡದ ವಿಶ್ರಾಂತಿ ಕೋಣೆಯಲ್ಲಿ, ನೀರು ಸುರಿಸುವ ಮಳೆಕೋಟುಗಳ ಕೆಳಗೆ ನಾವು ನಾಲ್ವರು: ಸರಕು ತೂಗುವ ನಾನು, ಹೊರಡಲಾಗದೆ ಕಾಲು ಕುಣಿಸುತ್ತಿದ್ದ ಒಬ್ಬ ಎಳೆಯ ಪೈಲಟ್, ಮಾನ ಕಳೆದುಕೊಂಡ ಹವಾಮಾನದವರು, ಮತ್ತು ಗೋಪುರದಜ್ಜ. ಅಜ್ಜ ಒಂದು ಕಾಲಕ್ಕೆ ಮೇಲೆ ಕೂತು ವಿಮಾನಗಳಿಗೆ ದಾರಿ ಹೇಳುತ್ತಿದ್ದವರು. ನಿವೃತ್ತಿಯ ಮೇಲೂ ಹೊಸಬರಿಗೆ ಪಾಠ ಹೇಳಲು ಬರುತ್ತಾರೆ.

“ನಿಮ್ಮ ಗೋಪುರದವರದ್ದು ಒಂದೇ ಕಾಟ ಅಜ್ಜ,” ಎಂದ ಪೈಲಟ್. “ಹೇಳಿದ್ದೆಲ್ಲ ನಾವು ವಾಪಸ್ ಒಪ್ಪಿಸ್ಬೇಕು. ಸ್ಕೂಲ್ ಮಗ್ಗಿ ಥರ!”

ಅಜ್ಜ ಟೀ ಲೋಟ ಕೆಳಗಿಟ್ಟರು.

“ಒಪ್ಪಿಸ್ತೀಯ ಸರಿ, ಒಪ್ಪಿಸೋವಾಗ ನಿನ್ನ ಮಾತು ನಿನಗೆ ಕೇಳ್ಸುತ್ತಾ? ... ಹಾಗಾದ್ರೆ ಇದನ್ನ ಕೇಳು ಮರಿ ಕ್ಯಾಪ್ಟನ್. ಅನುಮಾನ ಇದ್ರೆ ಈ ಹವಾಮಾನದವರೇ ಸಾಕ್ಷಿ. ಅವರ ಮಳೆ ಸುಳ್ಳಾಗಬಹುದು, ಇದು ಆಗಲ್ಲ.

“ಸರಕಿನ ವಿಮಾನದ ಸಾಹೇಬ್ರು ಒಬ್ರಿದ್ರು. ಪಟಪಟ ಸಾಹೇಬ್ರು ಅಂತಿದ್ವಿ. ನಾವು ಹೇಳಿ ಮುಗಿಸೋದ್ರೊಳಗೆ ಅವರ ಉತ್ತರ ಬಂದುಬಿಡೋದು. ಒಂದಕ್ಷರ ತಪ್ಪಿಲ್ಲ, ಮಧ್ಯ ಉಸಿರಿಲ್ಲ... ಅಷ್ಟು ವರ್ಷ ಅದೇ ಮಾತು ಹೇಳಿ ಹೇಳಿ ಅವರ ಬಾಯಿಗೂ ಕಾಲಿಗೂ ಮಾತು ಬಿಟ್ಟುಹೋಗಿತ್ತು ನೋಡು. ಹಿಂಗೇ ಒಂದು ಮಳೆ ಸಂಜೆ, ಪ್ರಯಾಣಿಕರ ವಿಮಾನ ಒಂದು ಇಳೀತಾ ಇದೆ, ತುಂಬ ಜನ, ಮಕ್ಕಳು ಮರಿ... ಹೊರಡೋಕೆ ರನ್‌ವೇ ಕಡೆ ಬರ್ತಿದ್ದ ಸಾಹೇಬ್ರಿಗೆ ಗೋಪುರದ ಮೇಲಿಂದ ಹೇಳಿದ್ರು, ‘ರನ್‌ವೇಗೆ ಮುಂಚೆ ಹಳದಿ ಗೆರೆ ಹತ್ರ ನಿಲ್ಲಿ.’ ‘ಹಳದಿ ಗೆರೆ ಹತ್ರ ನಿಲ್ತೀನಿ,’ ಅಂತ ಪಟಪಟ ಉತ್ತರ ಬಂತು. ಉತ್ತರ ಸರಿ ಇದ್ರೆ ಮೇಲಿರೋರು ಏನ್ಮಾಡ್ತಾರೆ? ನೆಮ್ಮದಿಯಾಗಿ ಇನ್ನೊಂದು ವಿಮಾನದ ಕಡೆ ತಿರುಗ್ತಾರೆ. ಅದೇ ನಮ್ಮ ರೂಢಿ... ಬಾಯಿ ನಿಲ್ತೀನಿ ಅಂತು. ಕಾಲು ಬ್ರೇಕ್ ಒತ್ತಲಿಲ್ಲ, ಗಾಲಿ ನಿಲ್ಲಲಿಲ್ಲ.

“ಮೈಮೇಲೆ ಬರೋ ದೀಪ ಕಂಡಾಗಲೇ ಸಾಹೇಬ್ರಿಗೆ ಎಚ್ಚರ ಆಗಿದ್ದು. ಹಿಂದೆ ಸರಿಯೋಕಾಗಲ್ಲ. ಇದ್ದಷ್ಟು ವೇಗ ಕೊಟ್ಟು, ರನ್‌ವೇ ದಾಟಿಸಿ, ಆಚೆಯ ಮೋರಿಗೆ ನುಗ್ಗಿಸಿಬಿಟ್ರು. ಇಳಿದ ವಿಮಾನದವರಿಗೆ ಒಂದು ಗೀರೂ ಇಲ್ಲ. ಮೋರಿಯಿಂದ ಸಾಹೇಬ್ರನ್ನ ಎತ್ತಿದಾಗ...”

ಅಜ್ಜ ಆರಿದ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು.

“ವರ್ಷಗಳಾದ್ಮೇಲೆ ನನ್ನ ಕೈಕೆಳಗೆ ಒಬ್ಳು ಹುಡುಗಿ ಕಲಿಯೋಕೆ ಬಂದ್ಳು. ಊರಿಗೆ ಹೊಸಬಳು, ಸಾಹೇಬ್ರ ಹೆಸರೂ ಕೇಳಿದವಳಲ್ಲ. ಬಲು ಚುರುಕು... ಆದ್ರೆ ಮಳೆ ದಿನ ಒಂದು ರೋಗ. ಪೈಲಟ್ ಸರಿಯಾಗೇ ಉತ್ತರ ಕೊಟ್ಟಿರ್ತಾನೆ, ಇವಳು ಇದ್ದಕ್ಕಿದ್ದಂಗೆ ಎದ್ದು ಹೋಗಿ ಕಿಟಕಿಗೆ ಮೂಗು ಒತ್ಕೊಂಡು ನಿಲ್ಲೋಳು. ನಿಂತಾಗೆಲ್ಲ ಯಾವುದಾದರೊಂದು ವಿಮಾನ ಗೆರೆ ದಾಟ್ತಾ ಇರೋದು, ಇವಳು ರೇಡಿಯೋದಲ್ಲಿ ಕೂಗಿ ನಿಲ್ಲಿಸೋಳು. ಅದೃಷ್ಟ ಅಂದ್ಕೊಂಡೆ. ಅದೃಷ್ಟ ನಂಬ್ಕೊಂಡು ಸಹಿ ಹಾಕೋಕಾಗುತ್ತೇನಪ್ಪ? ನನ್ನ ಸಹಿ ಇಲ್ದಿದ್ರೆ ಅವಳಿಗೆ ಕೆಲಸ ಇಲ್ಲ. ಕುರ್ಚಿ ಬಿಟ್ಟು ಓಡೋಳನ್ನ ಪಾಸ್ ಮಾಡಲ್ಲ, ಮನೆಗೆ ಕಳಿಸ್ತೀನಿ ಅಂತ ಗದರಿದೆ. ತಲೆ ತಗ್ಗಿಸಿ ನಿಂತ್ಳು, ತುಟಿ ಬಿಚ್ಚಲಿಲ್ಲ.

“ಆಗ ಈ ಮಹರಾಯರಿಗೆ ತುಂಟತನ ಹತ್ತಿತು.” ಅಜ್ಜ ಹವಾಮಾನದವರ ಕಡೆ ಗದ್ದ ಎತ್ತಿದರು. “ಇವರು ಮಿಮಿಕ್ರಿ ಮಾಡದ ಗಂಟಲೇ ಇರಲಿಲ್ಲ ಆವಾಗ. ನನ್ನದನ್ನೂ ಬಿಟ್ಟಿರಲಿಲ್ಲ. ಪಾಠದ ಕೋಣೇಲಿ ಅಭ್ಯಾಸದ ರೇಡಿಯೋ ಇದೆಯಲ್ಲ, ಅದರಲ್ಲಿ ಅವಳು ‘ಹಳದಿ ಗೆರೆ ಹತ್ರ ನಿಲ್ಲಿ’ ಅಂದ್ಳು. ನಾನು ಪೈಲಟ್ ಆಗಿ ಉತ್ತರ ಕೊಟ್ಟೆ. ಅದರ ಬೆನ್ನಿಗೇ ಪಕ್ಕದ ಕೋಣೆಯಿಂದ ಇವರು, ಸತ್ತ ಸಾಹೇಬ್ರ ಗಂಟಲಲ್ಲಿ, ‘ಹಳದಿಗೆರೆಹತ್ರನಿಲ್ತೀನಿ’... ಥೇಟ್ ಅವರೇ! ನನಗೇ ಮೈ ಜುಂ ಅಂತು. ಹುಡುಗಿ ಕಿರುಚ್ಕೊಂಡು ಓಡ್ತಾಳೆ ಅಂತ ಇಬ್ರೂ ಇಣುಕಿ ನೋಡಿದ್ರೆ... ಹೊಟ್ಟೆ ಹಿಡ್ಕೊಂಡು ನಗ್ತಿದ್ದಾಳೆ! ನಾವೂ ನಕ್ವಿ, ಆದ್ರೆ ಆ ಕೋಣೇಲಿ ಎಲ್ಲರಿಗಿಂತ ಜೋರಾಗಿ ನಕ್ಕೋಳು ಅವಳೇ.

“‘ಅಯ್ಯೋ ಸರ್, ಮಳೆ ದಿನ ಉತ್ತರದ ಹಿಂದೆ ಇನ್ನೊಂದು ಉತ್ತರ ಕೊಡೋರು ಇವರೇನಾ? ನೀವು ನನ್ನ ಪರೀಕ್ಷೆ ಮಾಡ್ತಿದ್ದೀರಿ, ಬಾಯಿ ಬಿಡಬಾರದು ಅಂತ ಸುಮ್ನಿದ್ದೆ. ಅದು ಕೇಳಿಸ್ದಾಗೆಲ್ಲ ಯಾರೋ ನಿಲ್ದೆ ಬರ್ತಿರ್ತಾರೆ, ಅದಕ್ಕೇ ಕಿಟಕಿಗೆ ಓಡೋದು... ಆದ್ರೆ ಇವತ್ತು ಸರಿಯಾಗಿ ಬರಲಿಲ್ಲ ಸರ್! ಧ್ವನಿ ಅದೇ. ಹಿಂಗೆ ಪಟಪಟ ಅಂತ ಹೇಳಲ್ಲ. ಒಂದೊಂದೇ ಮಾತು... ನಿಧಾನವಾಗಿ... ಈಗಷ್ಟೇ ಅರ್ಥ ಆದವರ ಥರ.’”

ಪೈಲಟ್ ಹವಾಮಾನದವರ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು.

“ಅದಕ್ಕೆ ಮುಂಚೆ ನಾನು ಯಾವ ರೇಡಿಯೋನೂ ಮುಟ್ಟಿರ್ಲಿಲ್ಲ ಕಣಪ್ಪ,” ಎಂದರು. “ಆಮೇಲೆ ಯಾರ ಧ್ವನೀನೂ ಮಾಡಿಲ್ಲ.”

“ನಾನು ಅವತ್ತೇ ಸಹಿ ಹಾಕ್ದೆ,” ಎಂದರು ಅಜ್ಜ. “ಈಗ್ಲೂ ಮೇಲೆ ಕೂತಿರೋಳು ಅವಳೇ.”

ಹೊರಗೆ ಮಳೆ ಸಣ್ಣಗಾಗಿತ್ತು. ಗೋಡೆಯ ಸ್ಪೀಕರ್ ಪೈಲಟ್‌ನನ್ನು ಕರೆಯಿತು. ಅವನು ಟೋಪಿ ಎತ್ತಿಕೊಂಡು, ಬಾಗಿಲ ತನಕ ಹೋಗಿ ನಿಂತ.

“ಹೋಗು ಮರಿ, ಒಳ್ಳೇದಾಗ್ಲಿ. ನಿಲ್ಲು ಅಂತಾಳೆ, ನಿಲ್ತೀನಿ ಅನ್ನು. ನಿನ್ನ ಮಾತಿನ ಬೆನ್ನಿಗೆ ಅದೇ ಮಾತು ನಿಧಾನವಾಗಿ ಕೇಳಿಸಿದ್ರೆ... ಯಾರು ಅಂತ ಹುಡುಕ್ಬೇಡ. ನಿನ್ನ ಕಾಲು ಎಲ್ಲಿದೆ ಅಂತ ನೋಡ್ಕೋ.”