ಬೀಗರಿಗೆ ತೆಗೆದ ಬೇಲಿ

ಅಲ್ಲ ಕಣವ್ವ, ಲಾಕ್‌ಡೌನ್ ಮಾಡಿದ್ದಕ್ಕೆ ಸಾವು ಕಮ್ಮಿ ಆಯ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳು ತಾತ ಅಂದ್ರೆ ಹೆಂಗೆ ಹೇಳ್ಲಿ? ಅಂಗಡಿ ಜಗಲಿ ಮೇಲೆ ಕೂರೋರ್ದೂ ಇದೇ ಚಾಳಿ. ಒಬ್ಬ ಅಂತಾನೆ, "ಲಾಕ್‌ಡೌನ್ ಮಾಡಿ ಏನ್ ಉದ್ಧಾರ ಆಯ್ತು, ಸಾಯೋರು ಸತ್ರು." ಇನ್ನೊಬ್ಬ ಅಂತಾನೆ, "ಮಾಡ್ದೆ ಇದ್ದಿದ್ರೆ ಊರೇ ಉಳೀತಿರ್ಲಿಲ್ಲ." ಇಬ್ರಿಗೂ ನಾನು ಕೇಳೋದು ಒಂದೇ: ಏನ್ಲಾ, ನೀವು ಅದನ್ನ ಯಾವತ್ತು ಸರಿಯಾಗಿ ಮಾಡಿದ್ರಿ? ಅಷ್ಟು ಕೇಳಿದ್ರೆ ಸಾಕು, ಟವಲ್ ಕೊಡವ್ಕೊಂಡು ಎದ್ದೋಗ್ತಾರೆ. ನೀನು ಬಿಎಸ್ಸಿ ಓದಿದೋಳು, ನೋಟ್‌ಬುಕ್ ಹಿಡ್ಕೊಂಡು ಕೂತಿದ್ದೀಯ, ಪೂರ್ತಿ ಕೇಳು.

ಕೊರೋನ ಬಂದ ಮೊದಲ್ನೇ ವರ್ಷ ಮಾದಿಹಳ್ಳಿ ರಸ್ತೆಗೆ ಜಾಲಿಮುಳ್ಳು ಕಡ್ದು ಹಾಕಿ, ಅದ್ರ ಮೇಲೆ ಬಿದ್ದಿದ್ದ ಒಂದು ತೆಂಗಿನ ಮರದ ದಿಂಡು ಅಡ್ಡ ಇಟ್ವಿ. ಕಾವಲಿಗೆ ನಾನೇ ಕೂತೆ. ಯಾರೂ ಕೂರು ಅನ್ಲಿಲ್ಲ, ನಾನೇ ಕೂತೆ. ಯಾಕೆ ಅಂದ್ರೆ ಮನೇಲಿ ಅಕ್ಕ ಇದ್ಳಲ್ಲ, ನಿನ್ನ ದೊಡ್ಡಜ್ಜಿ ನಂಜಮ್ಮ. ಅಮ್ಮ ಹೋದ್ಮೇಲೆ ನನ್ನ ಎತ್ತಿ ಆಡ್ಸಿದೋಳು. ಅವಳಿಗೆ ಉಬ್ಬಸ. ಚಳೀಲಿ ನಾಕು ಹೆಜ್ಜೆ ನಡೆದ್ರೆ ಎದೆ ಕೊಳಲು ಊದ್ದಂಗೆ ಸದ್ದು. ಈ ರೋಗ ಅವಳಿಗೆ ತಗುಲಿದ್ರೆ ಉಳಿಯಲ್ಲ ಅಂತ ನಂಗೆ ಗೊತ್ತಿತ್ತು. ಹಳೇಬೀಡಿಂದ ಬಳೆ ಮಾರೋನು ಬಂದ, ವಾಪಸ್ ಕಳಿಸ್ದೆ. ಕೊಬ್ಬರಿ ಕೊಳ್ಳೋಕೆ ಅರಸೀಕೆರೆಯೋರು ಬಂದ್ರು, ಬೇಲಿಯಾಚೆನೇ ಮೂಟೆ ಇಟ್ಟು ದೂರ ನಿಂತ್ವಿ. ಅಷ್ಟ್ಯಾಕೆ, ನೀನೇ ಹಾಸ್ಟೆಲಿಂದ ಬಂದಾಗ ತೋಟದ ಪಂಪ್‌ಮನೇಲಿ ಹದಿನಾಲ್ಕು ದಿನ ಇರಿಸಿದ್ದೆ, ಗ್ಯಾನ ಐತಾ? ಅಕ್ಕ ದಿನಾ ಕಲ್ಲಿನ ಮೇಲೆ ರೊಟ್ಟಿ ಇಟ್ಟು, "ಮಗಾ, ತಗೋ" ಅಂತ ಕೂಗಿ ಬರೋಳು. ನೀನು ನನ್ನ ಎಷ್ಟು ಬೈಕೊಂಡಿದ್ದೀಯೋ ಏನೋ. ಬೈಕೋ. ಆ ವರ್ಷ ನಮ್ಮೂರಲ್ಲಿ ಒಬ್ರೂ ಜ್ವರ ಅಂತ ಮಲಗ್ಲಿಲ್ಲ. ಅಕ್ಕ ಒಂದು ಸಲಾನೂ ಸೀನ್ಲಿಲ್ಲ.

ಎರಡ್ನೇ ವರ್ಷನೂ ಅದೇ ಬೇಲಿ. ಅದೇ ಮುಳ್ಳು, ಅದೇ ದಿಂಡು, ಅದೇ ನಾನು. ಅಷ್ಟ್ರಲ್ಲಿ ನನ್ನ ತಮ್ಮನ ಮಗನ ಮದುವೆ ಆಯ್ತು. ಮದುವೆ ಏನೋ ಕಾನೂನು ಪ್ರಕಾರ ಮನೆ ಮುಂದೆ ನಾಕು ಜನ ನಿಂತು ಮುಗಿಸಿದ್ರು, ಅದ್ರಲ್ಲಿ ತಪ್ಪಿಲ್ಲ. ಆಮೇಲೆ ಶುರುವಾಯ್ತು ನೋಡು, ಬೀಗರೂಟ. ನಮ್ಮ ಕಡೆ ಬೀಗರನ್ನ ಕರ್ದು ಬಾಡೂಟ ಹಾಕ್ದೆ ಇದ್ರೆ ಮದುವೆ ಅರ್ಧ ಆದಂಗೆ. ನಾನು ಬೇಡ ಅಂದೆ. ಇಲ್ಲ, ಸುಳ್ಳು ಯಾಕೆ ಹೇಳ್ಲಿ, ಬೇಡ ಅಂತ ಬಾಯಿ ತೆರೆದೆ ಅಷ್ಟೆ. ತಮ್ಮ, "ಏನಣ್ಣ, ಹೆಣ್ಣು ಕೊಟ್ಟೋರನ್ನ ಮುಳ್ಳಿನಾಚೆ ನಿಲ್ಸಿ ಮುದ್ದೆ ಎಸೀತೀಯಾ?" ಅಂದ. ಎಲ್ಲಾ ನಕ್ರು. ನಾನೂ ನಕ್ಕೆ. ನೆಂಟ್ರು ಹೊರಗಿನೋರಲ್ವಲ್ಲ, ರೋಗ ಹೊರಗಿನೋರ್ದು ಅನ್ನೋ ಲೆಕ್ಕ ನಮ್ದು.

ಊಟದ ದಿನ ಬೆಳಗ್ಗೆ ಆಶಾ ಕಾರ್ಯಕರ್ತೆ ರತ್ನಮ್ಮ ಬಂದ್ಳು, ಪಕ್ಕದೂರೋಳು. ಬೇಲಿಯಾಚೆ ನಿಂತು, "ಗೌಡ್ರೇ, ಒಂದ್ ನಿಮಿಷ ಒಳಗೆ ಬಿಡಿ, ಮಾತಾಡ್ಬೇಕು" ಅಂದ್ಳು. ನಾನು ಎದ್ದು ನಿಂತು, "ನೀನು ಜ್ವರದೋರ ಮನೆ ಮನೆ ತಿರ್ಗೋಳು. ನಮ್ಮೂರಿಗೆ ಅದು ಬಂದ್ರೆ ನಿನ್ನಿಂದ್ಲೇ ಬರ್ಬೇಕು. ಹೋಗವ್ವ" ಅಂದೆ. "ಇಲ್ಲಿಂದ ಕೂಗಿ ಹೇಳೋ ಮಾತಲ್ಲ, ಹತ್ರ ಬಂದಾದ್ರೂ ಕೇಳ್ರಿ" ಅಂದ್ಳು. "ಊಟ ಆದ್ಮೇಲೆ ಬಾ" ಅಂದೆ. ಬಿಸಿಲಲ್ಲಿ ಒಂಚೂರು ಹೊತ್ತು ನಿಂತು ಹೊರಟೋದ್ಳು. ಅವಳು ತಿರುವು ದಾಟಿದ್ಳೋ ಇಲ್ವೋ, ಬೀಗರ ಟೆಂಪೋ ಬಂತು. ದಿಂಡು ಎತ್ತೋಕೆ ಹುಡುಗ್ರು ಓಡಿಬಂದ್ರು, ಒಂದು ಕೊನೆಗೆ ನಾನೇ ಕೈ ಕೊಟ್ಟೆ ಕಣವ್ವ. ಈ ಕೈನೇ.

ಅಕ್ಕ ಸಂಭ್ರಮದಲ್ಲಿ ಬೀಗಿತ್ತಿ ಪಕ್ಕ ಎಲೆ ಹಾಕಿಸ್ಕೊಂಡು ಕೂತ್ಳು. ಬೀಗಿತ್ತಿ ಕೆಮ್ಮಿದ್ರೆ, "ಖಾರ ಜಾಸ್ತಿ ಆಯ್ತೇನೋ" ಅಂತ ಇವಳೇ ನೀರು ಕೊಟ್ಳು. ವಾರದೊಳಗೆ ಅಕ್ಕಂಗೆ ಮೈ ಕಾದಿತ್ತು. "ನಂದು ಹಳೇ ಉಬ್ಬಸ, ಬಿಡ್ಲಾ" ಅಂದ್ಳು. ಬಿಟ್ಟೆ. ಎರಡು ದಿನ ಆದ್ಮೇಲೆ ಉಸಿರು ಎಳ್ಕೊಳಕ್ಕಾಗ್ದೆ ಕಂಬ ಹಿಡ್ಕೊಂಡು ಕೂತಾಗ ನಾನೇ ರತ್ನಮ್ಮಂಗೆ ಫೋನ್ ಮಾಡ್ದೆ. ಬಂದ್ಳು. ಬೆರಳಿಗೆ ಆಕ್ಸಿಜನ್ ಅಳೆಯೋ ಕ್ಲಿಪ್ ಹಾಕಿ ನೋಡಿ, "ಗಾಡಿ ಕರೀರಿ" ಅಂದ್ಳು. ಬೇಲೂರಿಗೆ ಕರ್ಕೊಂಡು ಹೋದ್ವಿ. ಅಕ್ಕ ವಾಪಸ್ ಬರ್ಲಿಲ್ಲ.

ಆಮೇಲೆ ಒಂದು ದಿನ ರತ್ನಮ್ಮನ್ನ ಕೇಳ್ದೆ, "ಆವತ್ತು ನಿನ್ನ ಒಳಗೆ ಬಿಟ್ಟಿದ್ರೆ ಅಕ್ಕ ಉಳೀತಿದ್ಳಾ?" ಅಂತ. ಅವಳು, "ನನ್ನ ಬಿಡ್ದಿದ್ರೂ ಆಗ್ತಿತ್ತು ಗೌಡ್ರೇ. ಅವರನ್ನ ಬಿಡಬಾರ್ದಿತ್ತು. ನಿಮ್ಮ ಬೀಗರ ಬೀದೀಲಿ ಜ್ವರ ಐತೆ ಅಂತ ಹೇಳೋಕೇ ನಾನು ಬಂದಿದ್ದು" ಅಂದ್ಳು. ಜೋರಾಗೂ ಹೇಳ್ಲಿಲ್ಲ ಕಣವ್ವ. ಬೈದಿದ್ರೆ ತಡ್ಕೊಬೋದಿತ್ತು.

ಈಗ ನೀನು ಹೇಳ್ತೀಯ, "ಒಂದೂರು ನೋಡಿದ್ರೆ ಆಗಲ್ಲ ತಾತ, ಬೇಲಿ ಹಾಕಿದ ಊರು ಒಂದು ಕಡೆ, ಹಾಕ್ದಿರೋ ಊರು ಇನ್ನೊಂದು ಕಡೆ ಬರ್ದು ಹೋಲಿಸ್ಬೇಕು" ಅಂತ. ಬರಿ. ಬೇಡ ಅನ್ನಲ್ಲ. ಆದ್ರೆ ಎರಡ್ನೇ ವರ್ಷದ ನಮ್ಮೂರನ್ನ ಯಾವ ಕಡೆ ಬರೀತೀಯ? ಬೇಲಿ ಇತ್ತು, ಮುಳ್ಳಿತ್ತು, ಕಾವಲಿಗೆ ನಾನಿದ್ದೆ. ಸರ್ಕಾರದೋರು ಬಂದು ನೋಡಿದ್ರೆ, "ಬಂದ್ ಮಾಡವ್ರೆ, ಸರಿಯಾಗೈತೆ" ಅಂತ ಬರ್ಕೊಂಡು ಹೋಗ್ತಿದ್ರು. ಆಮೇಲೆ ಅಕ್ಕನ ಸಾವನ್ನ ಆ ಬೇಲಿ ಲೆಕ್ಕಕ್ಕೇ ಸೇರಿಸಿ, ನೋಡ್ರಪ್ಪ, ಬೇಲಿಯಿಂದ ಏನೂ ಆಗ್ಲಿಲ್ಲ ಅಂತಿದ್ರು. ಅಂಗಡಿ ಜಗಲೀಲಿ ಅನ್ನೋದೂ ಅದೇ. ಅದನ್ನ ಕೇಳಿದಾಗ್ಲೆಲ್ಲ ನಂಗೆ ಮೈ ಉರಿಯುತ್ತೆ. ಬೇಲಿ ಏನ್ ತಪ್ಪು ಮಾಡ್ತವ್ವ? ಮೊದಲ್ನೇ ವರ್ಷ ಅದೇ ಮುಳ್ಳು ಅವಳನ್ನ ಕಾಯ್ಲಿಲ್ವಾ?

ಬರ್ಕೋ. ನೆಂಟ್ರು ಬಂದಾಗ ತೆಗಿಯೋ ಬೇಲಿ ಬೇಲಿಯಲ್ಲ. ಬೆಕ್ಕನ್ನ ಒಳಗೆ ಬಿಟ್ಟು ಬಾಗಿಲು ಹಾಕಿ, ಹಾಲು ಹೋಯ್ತು, ಬಾಗಿಲು ಸರಿಯಿಲ್ಲ ಅನ್ನಬಾರ್ದು. ಏಳು, ಹಸು ಕೂಗ್ತೈತೆ.