ಫಿಲ್ಟರ್ ಮಾತ್ರ ತೊಳೆಯಬೇಡಿ

ಬೇಡ, ಬೇಡ... ಮುಂದಿನ ಮುಚ್ಚಳ ಎತ್ತಬೇಡಿ ತಂಪಣ್ಣ. ಗ್ಯಾಸು ನೋಡಿ, ವೈರು ನೋಡಿ, ಹೊರಗಿನ ಪೆಟ್ಟಿಗೆ ನೋಡಿ, ಏನು ಬೇಕಾದ್ರೂ ಬಿಚ್ಚಿ. ಫಿಲ್ಟರ್ ತಂಟೆಗೆ ಮಾತ್ರ ಹೋಗಬೇಡಿ. ...ಯಾಕೆ ಅಂದ್ರೆ? ಯಾಕೆ ಅಂದ್ರೆ ಅದು ಚೆನ್ನಾಗೇ ಇದೆ. ಮೊನ್ನೆ ತಾನೇ ತೊಳೆದೆ. ನಾನೇ.

ಏಣಿ ಮೇಲೆ ನಿಂತ್ಕೊಂಡು ನನ್ನನ್ನ ಹಾಗೆ ನೋಡಬೇಡಿ, ಬಿದ್ದುಗಿದ್ದೀರಿ.

ಎಷ್ಟು ಕಾಲ ಆಯ್ತು ನೀವು ಈ ಮನೆ ಮೆಟ್ಟಿಲು ಹತ್ತಿ! ಊರು ಬಿಟ್ಟು ಹೋದೋರು ವಾಪಸ್ ಬಂದಿದೀರಿ ಅಂತ ಮೂಲೆ ಇಸ್ತ್ರಿ ಅಂಗಡಿಯವರು ಹೇಳಿದ್ದೇ ತಡ, ಒಲೆ ಮೇಲಿಟ್ಟ ಹಾಲು ಮರೆತು ಓಡಿದೆ ನಂಬರ್ ಇಸ್ಕೊಳ್ಳೋಕೆ. ತಲೆ ಒಂಚೂರು ನರೆತಿದೆ, ಬಾಕಿ ಅದೇ ನೀವು. ತಂಪಣ್ಣ ಅಂತ ಕರೆಯೋಕೆ ಶುರು ಮಾಡಿದ್ದು ನನ್ನ ತಂಗಿ ತಾನೇ? "ಅಕ್ಕಾ, ಎಸಿ ಮುನಿಸ್ಕೊಂಡಿದೆ, ತಂಪಣ್ಣನಿಗೆ ಫೋನ್ ಹಾಕು." ಆಮೇಲೆ ಇಡೀ ಬೀದಿಗೆ ನೀವು ತಂಪಣ್ಣನೇ ಆಗೋದ್ರಿ.

ಅವಳಾ? ...ಹೊಲಿದ ಬಟ್ಟೆ ಕೊಡೋಕೆ ಹೋಗಿದಾಳೆ. ಯಾರೋ ಗಿರಾಕಿ ಮನೆಗೆ. ಬರ್ತಾಳೆ. ಲೇಟಾಗುತ್ತೆ ಅಂದಿದಾಳೆ, ನೀವು ಕಾಯಬೇಡಿ.

ಹ್ಞೂಂ, ತೊಂದರೆ ಏನು ಅಂತ ಹೇಳ್ತೀನಿ. ಗಾಳಿ ಬರಲ್ಲ. ಬಂದ್ರೂ ಸಾಯೋರು ಉಸಿರು ಬಿಟ್ಟ ಹಾಗೆ ಒಂದೇ ಒಂದು ಚೂರು. ಆಮೇಲೆ ಒಳಗೆ ಐಸ್ ಕಟ್ಟುತ್ತೆ, ಕರಗಿ ಗೋಡೆ ಮೇಲೆಲ್ಲ ನೀರು. ಕೆಳಗೆ ನೋಡಿ, ಬಕೆಟ್ ಇಟ್ಟಿದೀನಿ. ರಿಪೇರಿಗೆ ಬಂದೋರು ಒಬ್ಬರಾ ಇಬ್ಬರಾ... ಮೊದಲನೆಯವನು ಗ್ಯಾಸ್ ಕಮ್ಮಿ ಅಂದ, ತುಂಬಿದ. ಎರಡನೆಯವನೂ ಗ್ಯಾಸ್ ಅಂದ, ಅವನೂ ತುಂಬಿದ. ಆಮೇಲೆ ಯಾರೋ ಹೇಳಿದರು, ಗ್ಯಾಸ್ ಏನು ಅಕ್ಕಿ ಬೇಳೇನಾ ದಿನಾ ಖರ್ಚಾಗೋಕೆ? ಕಮ್ಮಿ ಆಗಿದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ, ಸೋರೋ ಜಾಗ ಹುಡುಕದೆ ತುಂಬೋದು ತೂತು ಬಿಂದಿಗೆಗೆ ನೀರು ಹಾಕಿದ ಹಾಗೆ ಅಂತ. ಈ ಬುದ್ಧಿ ಬರೋಷ್ಟರಲ್ಲಿ ಎರಡು ಸಲ ದುಡ್ಡು ಹೋಗಿತ್ತು. ಮೂರನೆಯವನು ಕೆಪಾಸಿಟರ್ ಬದಲಾಯಿಸಿದ. ಹಳೇದು ಕೊಟ್ಟು ಹೋಗಪ್ಪಾ ಅಂದೆ, ಆಗಲೇ ಬ್ಯಾಗ್ ಜಿಪ್ ಎಳೆದಿದ್ದ. ನಾಲ್ಕನೆಯವನು ಬೋರ್ಡ್ ಇರಬಹುದು, ಕಂಪ್ರೆಸರೂ ಇರಬಹುದು ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟು ಹೋದ. ಬಂದು ನೋಡಿದ್ದಕ್ಕೆ ಅಂತ ಕಾಸು ಇಸ್ಕೊಂಡೇ ಹೋದ.

ನಗ್ತೀರಾ? ನಗಿ. ಮೂಗಿಗಿಂತ ಮೂಗುತಿ ಭಾರ ಅಂತ ಎದುರು ಮನೆಯವರೂ ನಗ್ತಾರೆ. ಇದಕ್ಕೆ ಸುರಿದ ದುಡ್ಡಲ್ಲಿ ಹೊಸದೇ ಬರ್ತಿತ್ತು ಅಂತ ಅವರ ಲೆಕ್ಕ. ನನಗೂ ಲೆಕ್ಕ ಬರುತ್ತೆ ತಂಪಣ್ಣ. ರಿಪೇರಿ ಖರ್ಚು ಹೊಸದರ ಅರ್ಧ ದಾಟಿದ್ರೆ ಹಳೇದನ್ನ ಬಿಟ್ಟುಬಿಡಬೇಕು ಅಂತ ಈಗ ಬೀದಿಗೆಲ್ಲ ನಾನೇ ಪಾಠ ಹೇಳೋದು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

...ಏನಂದ್ರಿ? ಗ್ಯಾಸ್ ಸರಿ ಇದೆಯಾ? ಹೊರಗಿನ ಪೆಟ್ಟಿಗೇನೂ? ನೋಡಿದ್ರಾ ಸರಿಯಾಗಿ? ಹಾಗಾದ್ರೆ... ಫ್ಯಾನ್ ಮೋಟರ್ ಇರಬಹುದು. ಹೊಸದು ಹಾಕಿ. ಎಷ್ಟಾದ್ರೂ ಆಗಲಿ, ಹಾಕಿ.

ಆ ಫಿಲ್ಟರ್ ಮಾತ್ರ ಬೇಡ ಅಂದೆನಲ್ಲ. ಗೊತ್ತು, ಎಲ್ಲರೂ ಅದನ್ನೇ ಹೇಳಿದ್ರು. "ಅಮ್ಮಾ, ಮೊದಲು ಫಿಲ್ಟರ್ ತೊಳೀಬೇಕು." ನಾನು ಬೇಡ ಅಂದೆ. ಅವರಿಗೇನು, ತೊಳೆಯೋದರಲ್ಲಿ ಕಾಸಿಲ್ಲ, ಗ್ಯಾಸಲ್ಲಿದೆ. ಆಯ್ತಮ್ಮ ಅಂದ್ರು. ಪಾಪ, ಅವರ ಕಿವಿಗೆ ನಾನೇ ಹೂವ ಇಟ್ಟೆ ಅನ್ನಿ.

ಇರಿ, ಕಾಫಿ ತರ್ತೀನಿ. ಸಕ್ಕರೆ ಎರಡು ಚಮಚ, ಅದು ಮರೆತಿಲ್ಲ. ಇಲ್ಲಿಂದಾನೇ ಮಾತಾಡ್ತೀನಿ, ಕೇಳಿಸುತ್ತಾ? ನೆನಪಿದೆಯಾ, ಈ ಎಸಿ ತಗೊಂಡಿದ್ದು ಯಾಕೆ ಅಂತ? ನಮಗೆ ಸೆಖೆ ಅಂತಲ್ಲ. ತಂಗಿ ಹೊಲೀತಿದ್ದ ಯಾರದೋ ಮದುವೆ ರೇಷ್ಮೆ ಮೇಲೆ ಅವಳ ಗಲ್ಲದಿಂದ ಒಂದು ಹನಿ ಬೆವರು ಬಿತ್ತು. ಒಂದೇ ಹನಿ. ಕಲೆ ಹೋಗಲಿಲ್ಲ. ಅಷ್ಟೂ ಬಟ್ಟೆಗೆ ಅವಳೇ ತೆತ್ತಳು, ಎರಡು ದಿನ ಊಟ ಬಿಟ್ಟು ಅತ್ತಳು. ಆಮೇಲೆ ಹಠ ಹಿಡಿದು ಇದನ್ನ ಹಾಕಿಸಿದಳು. ಹಾಕಿದ ದಿನ ನೀವು ಹೇಳಿದ್ರಿ, "ಹೊಲಿಯೋ ಕೋಣೆ ಮೇಡಂ ಇದು, ನೂಲಿನ ಧೂಳು ಬೇಗ ಕಟ್ಟುತ್ತೆ, ತಿಂಗಳಿಗೊಮ್ಮೆ ನಾನೇ ಬಂದು ತೊಳೆದುಕೊಡ್ತೀನಿ." ದುಡ್ಡು ಕೊಟ್ರೆ ಮುಟ್ಟಲಿಲ್ಲ. ಅವಳೂ ಕಮ್ಮಿ ಇಲ್ಲ, ನಿಮ್ಮ ಮನೆ ಬಟ್ಟೆಗೆ ಕೂಲಿ ಮುಟ್ಟಲಿಲ್ಲ. ನೀವು ತೊಳೆಯೋದು, ಅವಳು ಹೊಲಿಯೋದು. ಇಬ್ಬರೂ ಒಂದೇ ಜಾತಿ ಹಠಮಾರಿಗಳು.

ತಗೊಳ್ಳಿ, ಬಿಸಿ ಇದೆ...

ಅಯ್ಯೋ. ಎತ್ತಿಬಿಟ್ರಾ?

ತಂಪಣ್ಣ, ಎತ್ತಬೇಡಿ ಅಂದಿದ್ದೆನಲ್ಲ. ...ಹ್ಞೂಂ, ತೊಳೆದಿಲ್ಲ. ಸುಳ್ಳು ಹೇಳಿದೆ. ಇಳಿಸಬೇಡಿ, ಅಲ್ಲೇ ಇರಲಿ. ಅಲ್ಲಾಡಿಸಬೇಡಿ, ಉದುರುತ್ತೆ! ನಿಧಾನ... ನಿಧಾನ. ಮೇಜಿನ ಮೇಲೆ ಇಡಿ, ಅವಳು ಬಟ್ಟೆ ಕತ್ತರಿಸೋ ಮೇಜಿನ ಮೇಲೆ. ಕಾಫಿ ಆ ಕಡೆ ಸರಿಸಿ.

ನಿಮಗೆ ಹುಚ್ಚಿ ಅನ್ನಿಸಬಹುದು. ಮೊದಮೊದಲು ಇದು ಓಡಿದಾಗ ಗಾಳಿ ಜೊತೆ ಒಂದು ವಾಸನೆ ಬರ್ತಿತ್ತು. ಹೊಸ ಬಟ್ಟೆದು, ಗಂಜಿದು, ಮಷಿನ್ ಎಣ್ಣೆದು... ಅವಳು ಕೂತು ಹೊಲೀತಿರೋವಾಗ ಕೋಣೆಗೆ ಬಂದ್ರೆ ಮೂಗಿಗೆ ಬಡಿಯುತ್ತಲ್ಲ, ಅದೇ. ಚಾಪೆ ಹಾಸಿ ಇಲ್ಲೇ ಮಲಗ್ತಿದ್ದೆ. ಬರ್ತಾ ಬರ್ತಾ ಗಾಳಿ ಕಮ್ಮಿ ಆಯ್ತು, ವಾಸನೇನೂ ಕಮ್ಮಿ ಆಯ್ತು. ಗಾಳಿ ಸರಿಹೋದ್ರೆ ಅದೂ ವಾಪಸ್ ಬರುತ್ತೆ ಅಂತ ಬಂದೋರಿಗೆಲ್ಲ ಕೇಳಿದಷ್ಟು ಕೊಟ್ಟೆ. ತೊಳೆದ್ರೆ ಎಲ್ಲ ಬಚ್ಚಲಿಗೆ ಹೋಗುತ್ತಲ್ಲ... ಹಾವೂ ಸಾಯಬೇಕು, ಕೋಲೂ ಮುರೀಬಾರದು, ಹೇಗಾಗುತ್ತೆ?



ಬೈಬೇಕಾದ್ರೆ ಬೈರಿ. ಆ ಧೂಳನ್ನೇ ಬಗ್ಗಿ ನೋಡಬೇಡಿ. ಏನು ನೋಡ್ತಿದೀರಿ ಅಷ್ಟು? ಆಮೇಲೆ ಆ ಹೊಲಿಗೆ ಮಷಿನ್ ಯಾಕೆ ನೋಡಿದ್ರಿ? ಬಟ್ಟೆ ಮುಚ್ಚಿದೀನಿ, ಅಷ್ಟೇ. ಧೂಳು ಕೂರಬಾರದು ಅಂತ...

ಗೊತ್ತಾಯ್ತಲ್ವಾ.

ಮೇಲಿನ ಪದರ ಬರೀ ಬೂದಿ ಬಣ್ಣದ ಧೂಳು. ಹೊಲಿಗೆಯ ಒಂದೆಳೆ ನೂಲಿಲ್ಲ. ಇದನ್ನ ತಿಂಗಳು ತಿಂಗಳು ತೊಳೆದ ಕೈ ನಿಮ್ಮದು, ನಿಮ್ಮ ಹತ್ತಿರ ಏನು ಮುಚ್ಚಿಡ್ಲಿ? ಅವಳು ಬಟ್ಟೆ ಕೊಡೋಕೆ ಹೋಗಿಲ್ಲ ತಂಪಣ್ಣ. ನೀವು ಊರು ಬಿಟ್ಟ ವರ್ಷವೇ... ಜ್ವರ ಅಂತ ಆಸ್ಪತ್ರೆಗೆ ಹೋದಳು. "ಸಂಜೆಗೆ ಬಂದು ಈ ಕೆಂಪು ವೆಲ್ವೆಟ್ ಮುಗಿಸ್ತೀನಿ, ಮುಟ್ಟಬೇಡ ಅಕ್ಕಾ" ಅಂದಳು. ಮುಟ್ಟಲಿಲ್ಲ. ವೆಲ್ವೆಟ್ ಕೊಟ್ಟಿದ್ದೋರು ಬಂದು ಅರ್ಧ ಹೊಲಿದ ಬಟ್ಟೇನೇ ತಗೊಂಡು ಹೋದ್ರು. ಅವರದು ತಾನೇ, ಕೊಡಲ್ಲ ಅನ್ನೋಕಾಗುತ್ತಾ? ಹೊಲಿದಿದ್ದೆಲ್ಲ ಊರವರ ಮೈಮೇಲಿದೆ. ನನಗೆ ಅಂತ ಒಂದು ಒಳ್ಳೆ ಬಟ್ಟೆ ಹೊಲಿಯೋಕೆ ಅವಳಿಗೆ ಪುರುಸೊತ್ತೇ ಆಗಲಿಲ್ಲ. "ನೀನೆಲ್ಲಿ ಹೋಗ್ತೀಯ, ಗಿರಾಕಿಗಳದ್ದು ಮುಗೀಲಿ" ಅಂತಿದ್ದಳು. ನನಗೆ ಉಳಿದಿದ್ದು ಇದೊಂದು ಕಸ.

ಎಲ್ಲರಿಗೂ ಹೇಳ್ತೀನಿ, ಹೋಗಿಬಿಟ್ಟಳು ಅಂತ. ಬಾಯಿಗೆ ರೂಢಿ ಆಗಿದೆ. ನಿಮಗೆ ಮಾತ್ರ ಹೇಳೋಕಾಗಲಿಲ್ಲ. ನೀವೊಬ್ಬರೇ ಅಲ್ವಾ ಈ ಮನೆಗೆ ಬಂದು "ಎಲ್ಲಿ ನಿಮ್ಮ ತಂಗಿ" ಅಂತ ಕೇಳಿದ್ದು. ಎಷ್ಟು ದಿನ ಆಗಿತ್ತು ಯಾರಾದ್ರೂ ಹಾಗೆ ಕೇಳಿ... ಒಂದು ಗಳಿಗೆ ಎಲ್ಲೋ ಹೋಗಿದಾಳೆ, ಬರ್ತಾಳೆ ಅನ್ನಿಸ್ತು. ಅದನ್ನೇ ಅಂದೆ.

ಏನು ಮಾಡ್ತಿದೀರಿ? ಆ ಧೂಳಿನ ಪದರ ಉಗುರಲ್ಲಿ ಎತ್ತಬೇಡಿ, ಹರಿಯುತ್ತೆ... ಓ. ಬರ್ತಿದೆ. ಇಡಿಯಾಗಿ ಬರ್ತಿದೆಯಲ್ಲ! ಬಟ್ಟೆ ಹಾಗೇ... ನಾನು ಈ ತುದಿ ಹಿಡೀಲಾ? ಬೇಡ, ಹರಿದುಬಿಡ್ತೀನಿ. ನೀವೇ ಎತ್ತಿ.

ಅಂಚಲ್ಲಿ ಕೆಂಪಗೆ ಕಾಣುತ್ತಲ್ಲ, ಅದು ಆ ವೆಲ್ವೆಟ್ಟು. ಅದರ ಕೆಳಗೆ ನೀಲಿ, ಸ್ಕೂಲ್ ಯೂನಿಫಾರ್ಮು, ಶಾಲೆ ಶುರುವಾಗೋ ಹೊತ್ತಿಗೆ ರಾಶಿ ರಾಶಿ ಬರ್ತಿತ್ತು. ತಿರುಗಿಸ್ತೀರಾ? ತಿರುಗಿಸಿ, ಮೆಲ್ಲಗೆ.

ಹಳದಿ. ಅಡಿಯಲ್ಲೆಲ್ಲ ಹಳದಿ... ನೀವು ಕೊನೇ ಸಲ ತೊಳೆದು ಹೋದಮೇಲೆ ಮೊದಲು ಹೊಲಿದಿದ್ದು ಅದನ್ನೇ ಅಲ್ವಾ. ನಿಮ್ಮ ಮಗಳ ಫ್ರಾಕು. ಊರು ಬಿಡೋಕೆ ಮುಂಚೆ ಕೊಡಲೇಬೇಕು ಅಂತ ಕೂತು ಹೊಲಿದಿದ್ದಳು.

ಯಾಕೆ ಆ ಕಡೆ ತಿರುಗಿದ್ರಿ? ...ಇಲ್ಲಿ ನೋಡಿ. ಅಳಬಾರದು ಅಂತ ನಾನು ಹೇಳಲ್ಲ. ನನ್ನ ಜೊತೆ ಕೂತು ಅವಳಿಗೋಸ್ಕರ ಅಳೋರು ಈ ಮನೆಗೆ ಯಾರೂ ಬಂದಿರಲಿಲ್ಲ, ತಂಪಣ್ಣ.

ಕಾಫಿ ಆರಿತು. ಬೇರೆ ಮಾಡ್ತೀನಿ. ನೀವು ಆ ಫಿಲ್ಟರ್ ಜಾಲರಿ ತಗೊಂಡು ಹೋಗಿ ನಲ್ಲಿ ಕೆಳಗೆ ಹಿಡೀರಿ. ಹ್ಞೂಂ... ತೊಳೀರಿ. ಚೆನ್ನಾಗಿ ತೊಳೀರಿ.

ಆಯ್ತಾ? ಕೂರಿಸಿದ್ರಾ? ...ತಡೀರಿ, ಸ್ವಿಚ್ ಹಾಕಬೇಡಿ ಈಗಲೇ. ಗಾಳಿ ಜೋರಾಗಿ ಬರುತ್ತೆ, ಮೇಜಿನ ಮೇಲಿರೋ ಇದು ಹಾರಿಹೋಗುತ್ತೆ. ಅವಳ ಕತ್ತರಿ ಎಲ್ಲಿಟ್ಟೆ... ಇಲ್ಲಿದೆ. ಈ ತುದಿಗೊಂದು ಭಾರ. ಆ ತುದಿ ನಾನು ಹಿಡ್ಕೊಂಡಿರ್ತೀನಿ.

ಈಗ ಹಾಕಿ.