ಏಳನೇ ಭಾಗದ ಜೊತೆಗಾರ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ಇಬ್ಬರಿಗೂ ಮೂವತ್ತು ದಾಟಿರಬೇಕು. ಅಕ್ಕನ ಕೆನ್ನೆ ಊದಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

“ಆ ಜೋಂಬಿ ಗೇಮಿನ ಏಳನೇ ಭಾಗ ಹೇಗಿದೆ ಅಕ್ಕ?”

“ಅದ್ಭುತ. ಜೋಂಬಿಗಳ ಹಣೆ ಮೇಲಿನ ಬೆವರು ಕೂಡ ಕಾಣುತ್ತೆ. ಸತ್ತವರಿಗೆ ಯಾಕೆ ಬೆವರು ಅಂತ ಮಾತ್ರ ಕೇಳ್ಬಾರ್ದು.”

“ಕಥೆ?”

“ಇದೆಯಂತೆ. ನಾಲ್ಕನೇ ಭಾಗದಲ್ಲಿ ಹೀರೋ ಸತ್ತಿದ್ದನಲ್ಲ, ಈಗ ಗಡ್ಡ ಬಿಟ್ಕೊಂಡು ಬಂದಿದಾನೆ. ಗಡ್ಡ ಬಂದ್ಮೇಲೆ ಸಾವು ಲೆಕ್ಕಕ್ಕಿಲ್ಲ.”

“ಇಬ್ರು ಒಟ್ಟಿಗೆ ಆಡ್ಬಹುದಾ?”

“ಅದನ್ನ ತೆಗೆದುಹಾಕಿದಾರೆ. ಈಗ ನನ್ನ ಜೊತೆಗಾರನ್ನ ಕಂಪ್ಯೂಟರೇ ಆಡಿಸುತ್ತೆ. ನಿನ್ನ ಹಾಗಲ್ಲ, ಬಲು ಬುದ್ಧಿವಂತ. ಗುಂಡು ದಂಡ ಮಾಡಲ್ಲ, ನನ್ನ ಔಷಧಿ ಕದಿಯಲ್ಲ, ಜೋಂಬಿ ಅಟ್ಟಿಸ್ಕೊಂಡು ಬಂದಾಗ ಬಾಗಿಲಿಗೆ ಅಡ್ಡ ನಿಲ್ಲಲ್ಲ.”

“ನಾನು ಅಡ್ಡ ನಿಂತಿದ್ದು ಒಂದೇ ಸಲ.”

“ಹೌದೌದು, ಪ್ರತಿ ಭಾಗಕ್ಕೂ ಒಂದೇ ಸಲ.”

“ಹಾಗಾದ್ರೆ ಈಗ ನೆಮ್ಮದಿಯಾಗಿ ಆಡು.”

“ಆಡಿದೆನಲ್ಲ. ಮೂರು ಗಂಟೆ ಯಾರನ್ನೂ ಬಯ್ಯದೆ ಆಡಿದೆ. ಅದಕ್ಕಿಂತ ಹಲ್ಲುನೋವೇ ವಾಸಿ ಅನ್ನಿಸ್ತು.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ತಮ್ಮನೇ ಮೊದಲು ಎದ್ದು ಹೋಗಿ ಬಾಗಿಲು ತೆರೆದ. ತೆರೆದವನು ಹೊಸ್ತಿಲ ಮೇಲೇ ನಿಂತುಬಿಟ್ಟ.

ಅಕ್ಕ ಹಿಂದಿನಿಂದ ಅವನ ಬೆನ್ನಿಗೊಂದು ಗುದ್ದಿದಳು.

“ಸರಿಯೋ ಆಚೆ, ದಂಡಪಿಂಡ! ಭಾನುವಾರ ಮನೆಗೆ ಬಾ, ಹಳೇ ಆರನೇ ಭಾಗಾನೇ ಹಾಕ್ತೀನಿ.”